ಪಾದಚಾರಿಗೆ ಪಾಲಿಲ್ಲವೇ?

ಬೆಂಗಳೂರಿನ ಹೊರವಲಯದಲ್ಲಿ ಒಂದು ರಸ್ತೆಯನ್ನು ಅಗಲಮಾಡುವ ಸಂಕಲ್ಪವಾಯಿತೆಂದರೆ ಮೊದಲು ಅಳಿಯತಕ್ಕದ್ದು ಸಾಲುಮರ, ಅನಂತರ ಕಾಲುದಾರಿ. ಹಾಲಿಗೋ ಶಾಲೆಗೋ ನಡೆದುಹೋಗುವವರು ಚರಂಡಿಯ ಚಪ್ಪಡಿಗಳ ಮೇಲೆ ಹೆಜ್ಜೆಯಿಡಬೇಕು; ಚಪ್ಪಡಿ ಮುರಿದಿದ್ದರೆ ಮೋಟಾರುಗಳ ನಡುವೆ ಇಳಿಯಬೇಕು. ಇದಕ್ಕೆ ಅಭಿವೃದ್ಧಿಯೆಂದು ಹೆಸರು.

ದಾರಿಬಿಡತಕ್ಕವರು ಯಾರಿಗೆಂಬುದನ್ನು ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೇಳುತ್ತದೆ. ಅಲ್ಲಿ ಗಾಡಿಯವನ ಹೆಸರು ಮೊದಲು ಬಂದಿರುವುದು ನಿಜ; ಆದರೆ ಒಡನೆಯೇ ಅತಿವೃದ್ಧ, ರೋಗಿ, ಹೊರೆಹೊತ್ತವನು, ಹೆಂಗಸು ಎಂದು ಪಟ್ಟಿ ಬೆಳೆಯುತ್ತದೆ. ನಮ್ಮ ನಕ್ಷೆಗಾರರು ಮೊದಲನೆಯ ಪದವನ್ನೋದಿ ಗ್ರಂಥವನ್ನು ಮುಚ್ಚಿಬಿಟ್ಟಂತೆ ಕಾಣುತ್ತದೆ.

ವಾಹನಗಳು ಹೆಚ್ಚಿರುವುದರಿಂದ ಸ್ಥಳವೆಲ್ಲ ವಾಹನಗಳಿಗೇ ಸಲ್ಲಬೇಕೆಂಬುದು ಒಂದು ಪೂರ್ವಪಕ್ಷ. ಇದು ಕಾರ್ಯವನ್ನೇ ಕಾರಣವೆಂದು ಭ್ರಮಿಸುವ ವಾದ. ನಡೆಯಲು ಎಡೆಯಿಲ್ಲದ ಕಡೆ ಅರ್ಧಮೈಲಿಗೂ ಜನರು ಮೋಟಾರು ಹತ್ತುವರು. ಅಗಲವಾದ ರಸ್ತೆ ಕೆಲವು ವರ್ಷಗಳಲ್ಲಿಯೇ ಮತ್ತೆ ತುಂಬುವುದು. ರಸ್ತೆಯಿರುವುದು ಜನರ ಸಂಚಾರಕ್ಕೆ, ಬರಿಯ ವಾಹನಗಳ ಸಂಚಾರಕ್ಕಲ್ಲವೆಂದು 2006ರ ರಾಷ್ಟ್ರೀಯ ನಗರಸಾರಿಗೆ ನೀತಿಯೇ ಸಾರಿದೆ.

ಬೈಸಿಕಲ್ಲಿಗೆ ದಾರಿ ಮಾಡಿದರೂ ಯಾರೂ ಬಳಸರೆಂಬುದು ಎರಡನೆಯದು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಅಂಥ ದಾರಿಯನ್ನು ಗುರುತಿಸಿ ಗೂಟಗಳನ್ನು ನೆಟ್ಟರು. ಗೂಟಗಳು ಮುರಿದವು, ಮೋಟಾರುಸೈಕಲ್ಲುಗಳು ಒಳನುಗ್ಗಿದವು. ಪಾಠಶಾಲೆಗೆ ಮಾಡು ಹೊದಿಸದೆ, ಮಳೆಗಾಲದಲ್ಲಿ ಮಕ್ಕಳು ಬರಲಿಲ್ಲವೆಂದು ಹೇಳಿ ಶಾಲೆಯನ್ನೇ ಮುಚ್ಚುವವರನ್ನು ಏನೆನ್ನಬೇಕು?

ಸ್ಥಳವಿಲ್ಲವೆಂಬುದು ಮೂರನೆಯ ವಾದ. ಇದಕ್ಕೆ ಸಾಮಾನ್ಯ ಗಣಿತವೇ ಉತ್ತರ. ಹದಿನೆಂಟು ಮೀಟರು ಅಗಲದ ಒಂದು ಬಡಾವಣೆಯ ರಸ್ತೆಯನ್ನು ತೆಗೆದುಕೊಳ್ಳಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸುವ ಕನಿಷ್ಠ 1.8 ಮೀಟರಿನಂತೆ ಎರಡು ಕಾಲುದಾರಿಗಳಿಗೆ 3.6, ಎರಡೆರಡು ಮೀಟರಿನ ಬೈಸಿಕಲ್ ದಾರಿಗಳಿಗೆ 4, ಮೋಟಾರಿನ ಎರಡು ಸಾಲುಗಳಿಗೆ 7. ಒಟ್ಟು 14.6. ಮರಗಳಿಗೂ ದೀಪದ ಕಂಬಗಳಿಗೂ ಬಸ್ಸಿನ ನಿಲ್ದಾಣಕ್ಕೂ ಇನ್ನೂ 3.4 ಮೀಟರು ಉಳಿಯಿತು. ಇಲ್ಲದಿರುವುದು ಸ್ಥಳವಲ್ಲ, ಮನಸ್ಸು.

ಈ ಉಪೇಕ್ಷೆಯ ಬೆಲೆ ಅಲ್ಪವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ ಸುಮಾರು 1,68,000 ಮಂದಿಯಲ್ಲಿ 32,000ಕ್ಕೂ ಹೆಚ್ಚು ಜನರು ಪಾದಚಾರಿಗಳು. ಅಡ್ಡಿಯಿಲ್ಲದ ಕಾಲುದಾರಿಯು ಸಂವಿಧಾನದ 21ನೆಯ ವಿಧಿಯಂತೆ ಪ್ರಜೆಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ಹೀಗಿರುವಲ್ಲಿ ಪಾದಚಾರಿಯು ಯಾಚಕನಲ್ಲ, ಪಾಲುದಾರನು.

ಆದಕಾರಣ ನಕ್ಷೆಯಲ್ಲಿ ಮೊದಲ ಗೆರೆ ಕಾಲುದಾರಿಯದಾಗಲಿ. ನಡುವೆ ವಿದ್ಯುತ್ತಿನ ಪೆಟ್ಟಿಗೆ ನಿಲ್ಲದಿರಲಿ; ಅಂಚು ಮೊಣಕಾಲೆತ್ತರಕ್ಕೆ ಏರದಿರಲಿ; ಬೈಸಿಕಲ್ಲಿನ ದಾರಿಗೆ ಬರಿಯ ಬಣ್ಣವಲ್ಲ, ಕಲ್ಲಿನ ಕಟ್ಟೆ ಇರಲಿ. ನಕ್ಷೆಯು ಕಾಗದದ ಮೇಲಿರುವಾಗಲೇ ಮಹಾಜನರು ಕಚೇರಿಗೆ ಹೋಗಿ ಇದನ್ನು ಕೇಳತಕ್ಕದ್ದು. ಡಾಂಬರು ಬಿದ್ದಮೇಲೆ ಕೇಳುವವರಿಗೆ ಮತ್ತೆ ಆ ಚರಂಡಿಯ ಚಪ್ಪಡಿಯೇ ಗತಿ.