ಪಿ.ಟಿ. ಮೇಷ್ಟ್ರ ಸಾಲದ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ ಹೌಜ್ ಖಾಸ್‌ನ ಡೀರ್ ಪಾರ್ಕ್‌ನಲ್ಲಿ ಎರಡನೇ ಸುತ್ತು ಹಾಕುತ್ತಿದ್ದೆ. ಹಾವೇರಿಯಿಂದ ಅಕ್ಕನ ಮಗನ ಫೋನ್ ಬಂತು. "ಮಾಮಾ, ಬಿ.ಪಿ.ಎಡ್. ಸೇರಬೇಕಂತ ಮಾಡೇನಿ. ನಾಲ್ಕು ಲಕ್ಷ ಲೋನ್ ಬೇಕು. ಅಪ್ಪನ ಜೋಡಿ ನೀವೂ ಒಂದು ಸಹಿ ಹಾಕ್ತೀರೇನು?"

ಹುಡುಗ ಬಿ.ಎ. ಮುಗಿಸಿದ್ದಾನೆ. ಖೋ ಖೋ ಅಂದರೆ ಪ್ರಾಣ. ಅವನು ನೋಡಿಟ್ಟಿರುವುದು ಒಂದು ಖಾಸಗಿ ಕಾಲೇಜು. ಎರಡು ವರ್ಷದ ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ನಾಲ್ಕು ಲಕ್ಷ. "ನೋಡೋಣಪ್ಪಾ" ಅಂದು ಫೋನ್ ಇಟ್ಟೆ. ನಮ್ಮ ಐಟಿಯವರ ಜಾತಿಬುದ್ಧಿ ನಿಮಗೆ ಗೊತ್ತೇ ಇದೆ. ಮನೆಗೆ ಬಂದವನೇ ಎಕ್ಸೆಲ್ ತೆರೆದೆ.

ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಎರಡು ಲಕ್ಷ, ಎರಡನೇ ವರ್ಷ ಎರಡು ಲಕ್ಷ ಬ್ಯಾಂಕ್ ಕೊಡುತ್ತದೆ. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಸರಳ ಬಡ್ಡಿ ಹಿಡಿದರೂ ಕಂತು ಶುರುವಾಗುವ ಹೊತ್ತಿಗೆ ನಾಲ್ಕು ಲಕ್ಷ ಐದಾಗಿರುತ್ತದೆ. ಏಳು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 8,300 ರೂಪಾಯಿ. ಕೊನೆಗೆ ಕಟ್ಟಿದ್ದು ಹತ್ತಿರಹತ್ತಿರ ಏಳು ಲಕ್ಷ.

ಇನ್ನು ಸಂಬಳ. ಕೇಂದ್ರೀಯ ವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಟಿಜಿಟಿ ಆದರೆ ಏಳನೇ ವೇತನ ಆಯೋಗದ ಲೆವೆಲ್ 7, ಮೂಲವೇತನ 44,900ರಿಂದ ಶುರು. ಎಂ.ಪಿ.ಎಡ್. ಮಾಡಿ ನೆಟ್ ಪಾಸಾಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕನಾದರೆ ಯುಜಿಸಿ ಪ್ರಕಾರ 57,700. ಆ ಹುದ್ದೆಗೆ 12 ನಿಮಿಷದ ಓಟದ ಪರೀಕ್ಷೆಯೂ ಇದೆ. (ನನ್ನ ಕೆಲಸಕ್ಕೆ ಅಂಥದ್ದೊಂದು ಇದ್ದಿದ್ದರೆ ನಾನು ಇಂದಿಗೂ ನಿರುದ್ಯೋಗಿ.) ಈ ಸಂಬಳಗಳ ಮುಂದೆ 8,300 ಏನೂ ಅಲ್ಲ.

ಆದರೆ ಅವನ ಸೀನಿಯರ್ ಒಬ್ಬ ಬಿ.ಪಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ದುಡಿಯುತ್ತಿರುವುದು 16 ಸಾವಿರಕ್ಕೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋದರೆ ಬಾಡಿಗೆ, ಊಟ, ಬಸ್ ಚಾರ್ಜಿಗೆ ಏನು ಉಳಿಯಿತು? ಸರ್ಕಾರಿ ನೇಮಕಾತಿಯ ಅಧಿಸೂಚನೆ ನಾವು ಬಯಸಿದ ವರ್ಷ ಬರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಇಷ್ಟನ್ನೂ ಒಪ್ಪಿಸಿದೆ. ಪೂರ್ತಿ ಕೇಳಿದಳು. ಆಮೇಲೆ, "ತಮ್ಮಾ, ನೀ ಎಂ.ಟೆಕ್ ಸೇರೂವಾಗ ಅಪ್ಪ ಹೊಲದ ಪತ್ರ ಒಯ್ದು ಬ್ಯಾಂಕಿನಾಗ ಇಟ್ಟ. ಅವತ್ತು ಯಾರರ ಹಿಂಗ ಲೆಕ್ಕ ಹಾಕಿದ್ರೇನು?" ಅಂದಳು.

ಹಾಕಿರಲಿಲ್ಲ. ಓದು ಮುಗಿದು, ಆಫರ್ ಲೆಟರ್ ಕೈಯಲ್ಲಿದ್ದರೂ ಏಳು ತಿಂಗಳು ಕೆಲಸಕ್ಕೆ ಕರೆಯದೆ ಕೂರಿಸಿದ್ದರು. ಆಗಲೂ "ಇಂಜಿನಿಯರಿಂಗ್ ಯಾಕೆ ಓದಿಸಿದಿರಿ" ಎಂದು ಅಪ್ಪನನ್ನು ಯಾರೂ ಕೇಳಲಿಲ್ಲ. ಪಿ.ಟಿ. ಮೇಷ್ಟ್ರಾಗುತ್ತೇನೆ ಅಂದರೆ ಮಾತ್ರ ನಮಗೆಲ್ಲ ಲೆಕ್ಕ ನೆನಪಾಗುತ್ತದೆ. ನಮ್ಮ ಶಾಲೆಯಲ್ಲಿ ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಿದ್ದದ್ದೂ ಇದೇ ಬುದ್ಧಿಯಿಂದ. ಈಗ ನಲವತ್ತು ಹತ್ತಿರ ಬಂದು, ಡಾಕ್ಟರ ಮಾತಿಗೆ ಹೆದರಿ ಡೀರ್ ಪಾರ್ಕ್ ಸುತ್ತುತ್ತಿದ್ದೇನೆ.

ಹಾಗೆಂದು ಲೆಕ್ಕ ಸುಳ್ಳಾಗುವುದಿಲ್ಲ. ನನ್ನ ಕಂತು ನನ್ನ ಮೊದಲ ಸಂಬಳದಲ್ಲಿ ತೀರುವಂತಿತ್ತು, ಅವನದು ತೀರುವಂತಿಲ್ಲ. ಡಿಗ್ರಿ ಬೇಡ ಎನ್ನುವ ಬದಲು ಸಾಲವನ್ನು ಇಳಿಸುವ ದಾರಿ ಹುಡುಕಿದೆ. ನಿಮ್ಮ ಮನೆಯಲ್ಲೂ ಇಂಥ ಫೋನ್ ಬಂದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲನೆಯದು, ಕಾಲೇಜಿನ ಬಿ.ಪಿ.ಎಡ್.ಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ನೋಡಿ. ಇಲ್ಲದಿದ್ದರೆ ಸಾಲದ ಮಾತೇ ಬೇಡ. ಎರಡನೆಯದು, ಸಿಕ್ಕರೆ ಸಿಗಬಹುದಾದ ಸರ್ಕಾರಿ ಸಂಬಳವನ್ನು ಬಿಟ್ಟು, ಖಂಡಿತ ಸಿಗುವ ಸಂಬಳದ ಮೇಲೆ ಸಾಲ ಅಳೆಯಿರಿ. ಒಂದು ವರ್ಷದ ಆ ಸಂಬಳಕ್ಕಿಂತ ಸಾಲ ಕಡಿಮೆ ಇರಲಿ. ಮೂರನೆಯದು, ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿರುವ ಸಂಸ್ಥೆಯಾದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮಾವನ ಸಹಿಗೆ ಕಾಯಬೇಕಿಲ್ಲ.

ನಾಲ್ಕನೆಯದು ನಮ್ಮ ಮನೆಯ ವಿಷಯ. ಡೆಲ್ಲಿ ವಿಶ್ವವಿದ್ಯಾಲಯದ ಇಂದಿರಾ ಗಾಂಧಿ ದೈಹಿಕ ಶಿಕ್ಷಣ ಸಂಸ್ಥೆ ಇರುವುದು ವಿಕಾಸಪುರಿಯಲ್ಲಿ. ಹೌಜ್ ಖಾಸ್‌ನಿಂದ ಮೆಜೆಂಟಾ ಲೈನ್ ಹತ್ತಿದರೆ ಆ ಕಡೆಗೇ ಹೋಗುತ್ತದೆ. ಅಲ್ಲಿ ಸೀಟು ಸಿಕ್ಕರೆ ಹಾಸ್ಟೆಲ್ ಖರ್ಚಿಲ್ಲ, ಊಟ ನಮ್ಮಲ್ಲಿ. ಸಾಲ ಒಂದೂವರೆ ಲಕ್ಷಕ್ಕೆ ಇಳಿದರೂ ಕಂತು 3,100ರ ಆಸುಪಾಸು. ಅದನ್ನು 16 ಸಾವಿರದವನೂ ಕಟ್ಟಬಲ್ಲ. ಸೀಟು ಸಿಗದಿದ್ದರೆ ಊರ ಕಡೆಯೇ ಕಡಿಮೆ ಫೀಸಿನ ಕಾಲೇಜು ನೋಡಬೇಕು.

ರಾತ್ರಿ ಹುಡುಗನಿಗೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದ. "ಮತ್ತ ಎರಡೂ ಕಡೆ ಸೀಟು ಸಿಗಲಿಲ್ಲಂದ್ರ, ಮಾಮಾ?"

"ಸಿಗದಿದ್ದರೆ ಸಹಿ ಹಾಕ್ತೀನಿ. ಆದರೆ ಕೆಲಸ ಸಿಗೋವರೆಗೆ ಅರ್ಧ ಕಂತು ನನ್ನದು" ಅಂದೆ. ಎಕ್ಸೆಲ್‌ನಲ್ಲಿ ಈಗ ಅದಕ್ಕೊಂದು ಸಾಲು ಸೇರಿಸಿದ್ದೇನೆ. ಹೆಂಡತಿಗೆ ಇನ್ನೂ ತೋರಿಸಿಲ್ಲ.