ಬಯಲಿನ ಮಕ್ಕಳಿಗೂ ಬೆಟ್ಟದಲ್ಲಿ ಪಾಲಿರಲಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಎತ್ತರ 1930 ಮೀಟರ್ ಎಂದು ಬಸವಕಲ್ಯಾಣ, ಹುಮನಾಬಾದಿನ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎತ್ತರವೆಂದರೇನೆಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ನಮ್ಮ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದ್ದರೂ, ಲಾವಾರಸ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಈ ಪ್ರಸ್ಥಭೂಮಿಯಲ್ಲಿ ಕಣ್ಣಿಗೆ ಬೀಳುವುದು ಜಂಬಿಟ್ಟಿಗೆಯ ಕೆಂಪು ನೆಲ, ತೊಗರಿಯ ಹೊಲ ಮತ್ತು ದಿಗಂತ.

ಎತ್ತರದ ಪಾಠ ಹೇಳಬಲ್ಲ ಬೆಟ್ಟಗಳು ರಾಜ್ಯದ ಇನ್ನೊಂದು ತುದಿಯಲ್ಲಿವೆ. ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತ ಅಂಥದೊಂದು, 1712 ಮೀಟರ್. ಅದನ್ನು ಏರಬೇಕಾದರೆ ನಮ್ಮವರು ಮೊದಲು ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯಬೇಕು. ಆ ಊರು ನಮ್ಮ ಊರುಗಳಿಗಿಂತ ಬಹಳ ತಗ್ಗಿನಲ್ಲಿದೆ. ಅಲ್ಲಿಂದ ದಟ್ಟ ಕಾಡು, ಬಳಿಕ ನೆರಳಿಲ್ಲದ ಹುಲ್ಲುಗಾವಲು, ಬಂಡೆಗಳ ಕಡಿದಾದ ಏರು.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ದಾರಿಯಲ್ಲಿ ಜನ ಸಂತೆಯಂತೆ ನೆರೆದ ದೃಶ್ಯವನ್ನು ನಾಡೆಲ್ಲ ನೋಡಿತು. ನಮ್ಮ ಜಿಲ್ಲೆಯ ಭಾಲ್ಕಿಯವರೇ ಆದ ಈಶ್ವರ ಖಂಡ್ರೆಯವರು ಆಗ ಅರಣ್ಯ ಸಚಿವರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೊಡನೆ ಹೊಸ ವ್ಯವಸ್ಥೆ ಬಂದಿತು. "ಬೆಟ್ಟವೇನು ಸರ್ಕಾರದ ಸ್ವತ್ತೇ?" ಎಂದು ಕೆಲವರು ಗೊಣಗಿದರು. ಸರ್ಕಾರದ್ದೂ ಅಲ್ಲ, ಗೊಣಗಿದವರದ್ದೂ ಅಲ್ಲ. ಅದು ಮೊದಲು ಅಲ್ಲಿನ ಕಾಡಿನದು, ಪ್ರಾಣಿಪಕ್ಷಿಗಳದು. ಮಿತಿ ಬೇಕೇ ಬೇಕು.

ಆದರೆ ಆ ಮುನ್ನೂರು ಮಂದಿ ಯಾರು? ಮೊದಲು ಬುಕ್ ಮಾಡಿದವನಿಗೇ ಸ್ಥಾನ ಎಂಬ ನಿಯಮ ಸಮಾನತೆಯಂತೆ ಕಾಣುತ್ತದೆ, ಸಮಾನತೆಯಲ್ಲ. ಬೆಂಗಳೂರಿನ ನೌಕರ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಬೆಟ್ಟದ ಬುಡದಲ್ಲಿರುತ್ತಾನೆ. ಹುಮನಾಬಾದಿನ ಸರ್ಕಾರಿ ಶಾಲೆಯ ಹುಡುಗಿಗೆ ಪ್ರಯಾಣದ ಖರ್ಚೇ ಬೆಟ್ಟವಾಗಿ ನಿಲ್ಲುತ್ತದೆ.

ಆದ್ದರಿಂದ ನನ್ನ ಒತ್ತಾಯವಿಷ್ಟೆ: ವಾರದ ದಿನಗಳಲ್ಲಿ ಮುನ್ನೂರರಲ್ಲಿ ಮೂವತ್ತು ಸ್ಥಾನಗಳನ್ನು ಬಯಲುಸೀಮೆಯ ಸರ್ಕಾರಿ ಪ್ರೌಢಶಾಲೆಗಳಿಗೆ ಮೀಸಲಿಡಲಿ, ಪ್ರಯಾಣದ ವೆಚ್ಚವನ್ನು ಸರ್ಕಾರ ಭರಿಸಲಿ, ಜೊತೆಗೆ ಅರಣ್ಯ ಇಲಾಖೆಯ ಮಾರ್ಗದರ್ಶಕರಿರಲಿ. ಮಕ್ಕಳಿಗೆ ಅಪಾಯವೆನ್ನುವವರಿಗೆ ಒಂದು ಮಾತು: ಬಿಸಿಲಿನಲ್ಲಿ ತೊಗರಿಯ ಹೊರೆ ಹೊರುವಾಗ ಆ ಮಕ್ಕಳ ಕಾಲಿನ ಬಲವನ್ನು ನಾವಾರೂ ಅನುಮಾನಿಸುವುದಿಲ್ಲ. ಪ್ರವಾಸವೆಂದರೆ ಮಾಲ್ ತೋರಿಸಿ ಮರಳುವುದಲ್ಲ. 1712 ಎಂಬ ಅಂಕಿ ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ಕಾಲು ಏರಿದ 1712 ಮರೆಯುವುದಿಲ್ಲ.