ಒತ್ತು ನುಂಗಿದ ‘ಇಗ್ನೋರ್’

“ಡೇಟಾಬೇಸ್ ಬದಲಾಯಿಸಿದ್ವಿ, ಸ್ವಲ್ಪ ಕನ್ನಡ ಹಾಳಾಯ್ತು, ಅಡ್ಜಸ್ಟ್ ಮಾಡ್ಕೊಳ್ಳಿ.”

ಈ ಮಾತನ್ನ ನೀವೂ ಎಲ್ಲೋ ಕೇಳಿರ್ತೀರಿ. ನಾನು ಕೇಳಿದ್ದಷ್ಟೇ ಅಲ್ಲ, ಹೇಳಿಯೂ ಇದ್ದೆ. ಈಗ ಅನ್ನಿಸ್ತಿದೆ, ಅದು ಶುದ್ಧ ಸುಳ್ಳು. ಡೇಟಾಬೇಸ್ ಬದಲಾದರೆ ಕನ್ನಡ ಹಾಳಾಗೋದಿಲ್ಲ ಸ್ವಾಮಿ. ಹಾಳು ಮಾಡೋದು ನಾವು.

ನಾನು ನೋಡಿಕೊಳ್ಳೋ ಪುಟ್ಟ ತಾಣವೊಂದಿದೆ. ಊರು ಕಡೆಯ ಅಡುಗೆ, ಅಡುಗೆಯ ಮಾತು, ಇಂಥವನ್ನ ಹಿರಿಯರು ಬಂದು ಬರೀತಾರೆ. ಅದನ್ನ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದೆ. ಎರಡು ದಿನ ಬಿಟ್ಟು ಒಬ್ಬ ಅಜ್ಜಿಯಿಂದ ಫೋನ್. “ಏನಪ್ಪಾ, ನನ್ನ ಮುದ್ದೆಯ ಕೊಂಬೂ ಇಲ್ಲ, ಒತ್ತೂ ಇಲ್ಲ. ‘ಮದದೆ’ ಅಂತಿದೆಯಲ್ಲ!” ನಗು ಬಂತು. ತಾಣ ತೆಗೆದು ನೋಡಿದಾಗ ನಗು ನಿಂತಿತು. ಅಮ್ಮ ‘ಅಮಮ’ ಆಗಿದ್ದಳು, ಗುರು ‘ಗರ’ ಆಗಿದ್ದರು, ಕುಮಾರವ್ಯಾಸ ‘ಕಮಾರವಯಾಸ’. ಆ ಅಜ್ಜಿ ಬರೆದದ್ದಕ್ಕೆ ಬೇರೆ ಪ್ರತಿ ಇಲ್ಲ. ನೇರ ಅಲ್ಲೇ ಟೈಪಿಸಿದ್ದು.

ಆದದ್ದೇನು ಅಂತ ಬಿಡಿಸಿ ಹೇಳ್ತೀನಿ, ನಿಮ್ಮಲ್ಲಿ ಸ್ವಂತ ತಾಣ ಇಟ್ಟವರಿಗೆ ಬೇಕಾಗುತ್ತೆ.

ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಲಿಪಿಸಂಕೇತ 2018ರ 8.0 ಆವೃತ್ತಿ ಬರುವವರೆಗೂ ಲ್ಯಾಟಿನ್-1. ನಮ್ಮ ಪುಟಗಳು ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ಟೇಬಲ್ಲೂ ಲ್ಯಾಟಿನ್-1, ಕನೆಕ್ಷನ್ನೂ ಲ್ಯಾಟಿನ್-1 ಇದ್ದರೆ ಆ ಮೂರು ಬೈಟು ಯಾರೂ ಕೇಳದೆ ಒಳಗೆ ಹೋಗುತ್ತೆ, ಹಾಗೇ ಹೊರಗೆ ಬರುತ್ತೆ. ಪುಟದಲ್ಲಿ ಕನ್ನಡ ಚೆನ್ನಾಗೇ ಕಾಣುತ್ತೆ. ಡೇಟಾಬೇಸಿಗೆ ಮಾತ್ರ ಅದು ಕನ್ನಡ ಅಂತ ಗೊತ್ತೇ ಇಲ್ಲ.

ಸಾಗಿಸುವ ಟೂಲ್ ಯುಟಿಎಫ್-8ನಲ್ಲಿ ಕನೆಕ್ಟ್ ಆಯ್ತು. ಮೈಎಸ್‌ಕ್ಯೂಎಲ್ ನಿಷ್ಠೆಯಿಂದ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ತಿಳಿದು ಪರಿವರ್ತಿಸಿತು. ಕನ್ನಡದ ಒಂದು ಚಿಹ್ನೆ ಮೂರು ಚಿಹ್ನೆ ಆಯ್ತು: ತಲೆ ಮೇಲೆ ಗೆರೆ ಇರುವ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದೇನೋ. ಇಂಥ ಪುಟ ನೋಡಿದವರಿಗೆ ಗುರುತು ಸಿಕ್ಕಿರುತ್ತೆ. ಪೋಸ್ಟ್‌ಗ್ರೆಸ್ ಚಕಾರ ಎತ್ತಲಿಲ್ಲ, ಯಾಕಂದ್ರೆ ಆ ಕಸವೂ ವ್ಯಾಕರಣಬದ್ಧ ಯುಟಿಎಫ್-8ಏ!

ಇಲ್ಲಿಯವರೆಗೆ ಏನೂ ಕಳೆದಿರಲಿಲ್ಲ. ತಿರುಗಿಸಿದರೆ ಎಲ್ಲ ವಾಪಸ್ ಬರ್ತಿತ್ತು. ಆಗ ನಾನು ಜಾಣತನ ತೋರಿಸಿದೆ. ಪೈಥಾನಿನಲ್ಲಿ ಎರಡು ಸಾಲು ಬರೆದೆ, ವಿಂಡೋಸ್-1252ಗೆ ಹಿಂತಿರುಗಿಸಿ ಮತ್ತೆ ಯುಟಿಎಫ್-8 ಅಂತ ಓದು ಅಂತ. ಎರರ್ ಬಂತು. ಎರಡು ಕಡೆಯೂ ‘ಇಗ್ನೋರ್’ ಹಾಕಿದೆ. ಎರರ್ ಹೋಯ್ತು. ಅದರ ಜೊತೆ ಒತ್ತೂ ಹೋಯ್ತು.

ಕಾರಣ ನೋಡಿ. ವಿಂಡೋಸ್-1252ರ 256 ಮನೆಗಳಲ್ಲಿ 5 ಖಾಲಿ. ಮೈಎಸ್‌ಕ್ಯೂಎಲ್ ತನ್ನ ‘ಲ್ಯಾಟಿನ್-1’ನಲ್ಲಿ ಆ ಐದಕ್ಕೂ ಜಾಗ ಕೊಟ್ಟು ಕಾಪಾಡುತ್ತೆ, ಪೈಥಾನ್ ಒಪ್ಪೋದಿಲ್ಲ. ನಮ್ಮ ದುರದೃಷ್ಟಕ್ಕೆ ಏ, ಐ, ಝ, ಕೊಂಬು, ಹಲಂತ, ಇವುಗಳ ಕೊನೇ ಬೈಟು ಬಂದು ಕೂರೋದು ಆ ಖಾಲಿ ಮನೆಗಳಲ್ಲೇ. ಕೊಂಬು, ಹಲಂತ ಇಲ್ಲದ ಕನ್ನಡದ ಒಂದು ಸಾಲು ಬರೆದು ತೋರಿಸಿ ನೋಡೋಣ!

ಅಂದರೆ ಆ ಎರರ್ ಅಡ್ಡಿ ಆಗಿರಲಿಲ್ಲ, ಕೂಗಿ ಎಚ್ಚರಿಸ್ತಿತ್ತು. ಬಾಯಿ ಮುಚ್ಚಿಸಿದ್ದು ನಾನು.

“ಮೈಎಸ್‌ಕ್ಯೂಎಲ್ ಕನ್ನಡಕ್ಕೆ ಸರಿಯಿಲ್ಲ, ಪೋಸ್ಟ್‌ಗ್ರೆಸ್ಸೇ ಸರಿ” ಅಂತ ಜಗಳ ತೆಗೆಯೋರು ಇದನ್ನ ಓದಿ ಹಿಗ್ಗೋದು ಬೇಡ. ಹಳೇ ಡೀಫಾಲ್ಟ್ ಕೆಟ್ಟದ್ದು, ಒಪ್ಪಿದೆ. 2015ರ 5.7ಕ್ಕೂ ಮುಂಚೆ ಮೈಎಸ್‌ಕ್ಯೂಎಲ್ ಉದ್ದದ ಶೀರ್ಷಿಕೆಯನ್ನ ಕತ್ತರಿಸಿ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗ್ತಿತ್ತು, ಅದೂ ನಿಜ. ಲ್ಯಾಟಿನ್-1ನಲ್ಲಿ 255ರ ಜಾಗ ಅಂದರೆ ಕನ್ನಡಕ್ಕೆ 85 ಚಿಹ್ನೆ ಮಾತ್ರ. ಆದರೆ ಪೋಸ್ಟ್‌ಗ್ರೆಸ್ಸೂ ನನ್ನ ‘ಅಮಮ’ನನ್ನ ಸಂತೋಷವಾಗಿ ಒಳಗೆ ಕರೀತು. ಕನ್ನಡ ಓದೋದು ಡೇಟಾಬೇಸ್ ಅಲ್ಲ, ನಾವು. ಸಾಗಿಸುವಾಗ ಕನ್ನಡ ಬಲ್ಲ ಒಬ್ಬರು ಕಣ್ಣಿಟ್ಟು ಓದಬೇಕು. ಇದಕ್ಕೆ ಬದಲಿ ಇಲ್ಲ.

ಹಳೇ ಡೇಟಾಬೇಸನ್ನ ಅಳಿಸದೇ ಇಟ್ಟಿದ್ದೆ, ಬಚಾವಾದೆ. ಎರಡನೇ ಸಲ ಲ್ಯಾಟಿನ್-1 ಕನೆಕ್ಷನ್ನಿನಲ್ಲೇ ಡಂಪ್ ತೆಗೆದೆ. ಬೈಟುಗಳು ಇದ್ದ ಹಾಗೇ ಬಂದವು. ಅದನ್ನ ಯುಟಿಎಫ್-8 ಅಂತ ಹೇಳಿ ಪೋಸ್ಟ್‌ಗ್ರೆಸ್‌ಗೆ ಕೊಟ್ಟೆ. ಈ ಸಲ ಅದು ಕೆಲವು ಸಾಲುಗಳನ್ನ ಬೇಡ ಅಂತು. ತೆಗೆದು ನೋಡಿದರೆ ಅಕ್ಷರದ ನಡುವೆಯೇ ಕತ್ತರಿಸಿಹೋದ ಹಳೇ ಶೀರ್ಷಿಕೆಗಳು! ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಬರೆದವರನ್ನೇ ಕೇಳಿ ಕೈಯಾರೆ ಸರಿಮಾಡಿದೆ. ಕೊನೆಗೆ ಡಂಪಿನಲ್ಲಿ ಎಷ್ಟು ಹಲಂತ, ಹೊಸದರಲ್ಲಿ ಎಷ್ಟು ಅಂತ ಎಣಿಸಿ ತಾಳೆ ನೋಡಿದೆ. ಐದು ನಿಮಿಷದ ಕೆಲಸ. ಮೊದಲ ಸಲವೇ ಮಾಡಿದ್ದರೆ ಅಜ್ಜಿ ಫೋನ್ ಮಾಡಬೇಕಿರಲಿಲ್ಲ.

“ಕ್ಲೀನ್ ಮಾಡ್ತೀವಿ” ಅಂತ ಕಾಣದ ಚಿಹ್ನೆಗಳನ್ನೆಲ್ಲ ಗುಡಿಸಿ ಹಾಕುವ ಮಹಾಶಯರಿಗೂ ಒಂದು ಮಾತು. ‘ಸಾಫ್ಟ್‌ವೇರ್’ ಅನ್ನೋದು ‘ಸಾಫ್ಟ್ವೇರ್’ ಆಗೋದು ನಿಮ್ಮ ಪೊರಕೆಯಿಂದಲೇ. ಕಾಣದ ಆ ಚಿಹ್ನೆ ಕಸ ಅಲ್ಲ, ಬರೆದವರು ಬೇಕಂತಲೇ ಇಟ್ಟದ್ದು.

ಬರಹ, ನುಡಿ ಫಾಂಟುಗಳ ಗೋಜಲಿನಿಂದ ಯೂನಿಕೋಡಿಗೆ ಬರೋಕೆ ನಾವೆಲ್ಲ ಎಷ್ಟು ಒದ್ದಾಡಿದ್ದೀವಿ. ಅಷ್ಟು ಕಷ್ಟಪಟ್ಟು ತಂದ ಒತ್ತನ್ನ ಒಂದು ‘ಇಗ್ನೋರ್’ಗೆ ಒಪ್ಪಿಸಬೇಕಾ?

ಮುಂದಿನ ಸಲ ಯಾರಾದರೂ “ಸ್ವಲ್ಪ ಕನ್ನಡ ಹಾಳಾಯ್ತು” ಅಂದರೆ ಅಡ್ಜಸ್ಟ್ ಮಾಡ್ಕೋಬೇಡಿ. ಹಳೇ ಡಂಪ್ ಎಲ್ಲಿ ಅಂತ ಕೇಳಿ.

ಅಜ್ಜಿಯ ಮುದ್ದೆ ಮತ್ತೆ ಮುದ್ದೆ ಆಗಿದೆ. ಫೋನ್ ಮಾಡಿ ಹೇಳಿದೆ. “ಸರಿ ಕಣಪ್ಪಾ, ಇನ್ಮೇಲೆ ನೋಡ್ಕೊಂಡು ಮಾಡು” ಅಂದರು. ಆ ಮಾತು ನನಗೆ ಸಲ್ಲಬೇಕಾದ್ದೇ.